ತಲೆಕೆಳಗಿನ ಪರದೆಯ ಉಸ್ತುವಾರಿ

"ಇವತ್ತೂ ಹೇಳಲಿಲ್ಲ" ಎಂದು ಅವಳು ದಿನಚರಿಯಲ್ಲಿ ಬರೆದಳು. ನಿನ್ನೆಯ ಪುಟದಲ್ಲೂ ಅದೇ ಇತ್ತು, ಮೊನ್ನೆಯದರಲ್ಲೂ ಅದೇ. ಐದು ತಿಂಗಳಿಂದ ಆ ದಿನಚರಿ ಈ ಒಂದೇ ವಾಕ್ಯದ ಮೇಲೆ ಬದುಕಿತ್ತು. ಹವಾಮಾನ ವರದಿಯಲ್ಲಾದರೂ ಇದಕ್ಕಿಂತ ಹೆಚ್ಚು ಬದಲಾವಣೆ ಇರುತ್ತದೆ.

ಹೇಳಬೇಕಾಗಿದ್ದದ್ದು ಅಂಥ ಘನಂದಾರಿ ವಿಷಯವೇನೂ ಅಲ್ಲ. ಅಳತೆ ಮತ್ತು ತೂಕದ ಕಚೇರಿಯಲ್ಲಿ ತಾತ್ಕಾಲಿಕ ಗುಮಾಸ್ತೆಯಾಗಿ ಸೇರಿದ ಮೊದಲನೇ ದಿನ ಉಳಿದವರೆಲ್ಲ ಚಹಾಕ್ಕೆ ಎದ್ದು ಹೋಗಿದ್ದರು. ಸುಮ್ಮನೆ ಕೂತರೆ ಸೋಮಾರಿ ಎಂದಾರು ಎಂಬ ಭಯಕ್ಕೆ ಅವಳು ಒಂದು ಒದ್ದೆ ಬಟ್ಟೆ ತಂದು ಕಂಪ್ಯೂಟರಿನ ಕೀಲಿಮಣೆ ಒರೆಸಿದಳು. ಮೈಮರೆತು ಒರೆಸಿದಳು. ಬಟ್ಟೆ ಎರಡನೇ ಸಲ ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಮೂರು ಸಂಗತಿ ನಡೆದವು. ಬೆಳ್ಳಗಿದ್ದ ಪರದೆ ಕಪ್ಪಗಾಗಿ, ಕಪ್ಪಗಿದ್ದ ಅಕ್ಷರ ಬೆಳ್ಳಗಾಯಿತು. ಯಂತ್ರದ ಒಳಗಿಂದ ಒಬ್ಬ ಹೆಂಗಸು ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಕೊನೆಗೆ ಪರದೆಯ ಮೇಲಿನ ಚಿತ್ರವೆಲ್ಲ ಬಾವಲಿಯ ಹಾಗೆ ತಲೆಕೆಳಗಾಗಿ ನೇತುಬಿತ್ತು. ಅವಳು ಬಟ್ಟೆಯನ್ನು ಚೀಲಕ್ಕೆ ತುರುಕಿ, ಕಿಟಕಿಯ ಹತ್ತಿರ ಹೋಗಿ, ಜನ್ಮದಲ್ಲೇ ರಸ್ತೆ ಕಾಣದವಳ ಹಾಗೆ ರಸ್ತೆ ನೋಡುತ್ತ ನಿಂತಳು.

ಆಗ ಯಾರಾದರೂ ಒಬ್ಬರು "ಇದೇನಿದು?" ಎಂದು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಊರಿನ ತಕ್ಕಡಿಗಳೆಲ್ಲ ಸರಿಯೋ ತಪ್ಪೋ ಎಂದು ಮುದ್ರೆಯೊತ್ತುವ ಕಚೇರಿ. ಗಾಜಿನ ಪೆಟ್ಟಿಗೆಯಲ್ಲಿ ಅಪ್ಪಟ ಒಂದು ಕೇಜಿಯ ಬಟ್ಟು ಇಟ್ಟುಕೊಂಡಿರುವವರು ಕಂಡಕಂಡದ್ದಕ್ಕೆ ಅಚ್ಚರಿಪಡುವುದು ಶೋಭಿಸುವುದಿಲ್ಲ. ಸಾಹೇಬರು ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಹೂಂ. ಬಂತಾ? ಮೇಲಿಂದ ಬರುತ್ತೆ ಅಂತ ಗೊತ್ತಿತ್ತು" ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಹೆಡ್ ಕ್ಲಾರ್ಕನ್ನು ಎಲ್ಲರೂ ಕಡತದಕ್ಕ ಎನ್ನುತ್ತಿದ್ದರು. ಸಾಹೇಬರಿಗೆ ಗೊತ್ತಿದೆ ಎಂದಮೇಲೆ ಅವರಿಗೂ ಗೊತ್ತಿದ್ದ ಹಾಗೇ ಆಯಿತು. ಉಳಿದವನು ಅಟೆಂಡರು. ಐವತ್ತಾರರ, ಕಡ್ಡಿಯಂಥ ಮನುಷ್ಯ. ತೂಕದ ಕಚೇರಿಯಾದ್ದರಿಂದ ಅವನ ಹೆಸರು ಅರ್ಧ ಕೇಜಿ. ಅವನು ತಲೆ ಓರೆ ಮಾಡಿ ನೋಡಿ, "ಓದಕ್ಕಾಗ್ತಿಲ್ಲ ಅಂದ್ರೆ ಡಬ್ಬಾನೇ ತಿರುಗಿಸಿದ್ರಾಯ್ತಪ್ಪ" ಎಂದು ಪರದೆಯ ಡಬ್ಬವನ್ನು ಎತ್ತಿ ಬುಡಮೇಲು ಮಾಡಿದ. ಅಕ್ಷರ ನೆಟ್ಟಗಾಯಿತು. ಕಾಲು ಮೇಲಾದ ಡಬ್ಬ ನಿಲ್ಲಲಿಲ್ಲ. ಬಡಗಿಯನ್ನು ಕರೆಸಿ ಎರಡು ತೋಡು ಕೊರೆದ ಮರದ ಪೀಠ ಮಾಡಿಸಿದರು. ಬಡಗಿಯೂ ಏನೂ ಕೇಳಲಿಲ್ಲ. ಕಚೇರಿಗಳಿಗೆ ಇದಕ್ಕಿಂತ ವಿಚಿತ್ರವಾದದ್ದನ್ನೆಲ್ಲ ಮಾಡಿಕೊಟ್ಟ ಕೈ ಅದು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಸಿಗುತ್ತಾರೆ. ಈ ಕಚೇರಿಯಲ್ಲಿ ಕರುವಿಗೆ ಕಡತವನ್ನೂ ತೆರೆದರು. ತಿಂಗಳೊಳಗೆ ಪ್ರತಿಯೊಂದಕ್ಕೂ ಕಾರಣ ಹುಟ್ಟಿತು. ಕಪ್ಪು ಪರದೆ ವಿದ್ಯುತ್ ಉಳಿತಾಯಕ್ಕಾಗಿ. ತಲೆಕೆಳಗು ಮಾಡಿದ್ದು ಕೌಂಟರಿನ ಆಚೆ ನಿಂತವರು ಬಗ್ಗಿ ಓದಬಾರದೆಂದು, ಅಂದರೆ ಗೋಪ್ಯತೆಗಾಗಿ. ಒಳಗಿನ ಹೆಂಗಸು, ಅವಳಿಗೆ ಎಲ್ಲರೂ ಒಳಮೇಡಂ ಎನ್ನುತ್ತಿದ್ದರು, ಎಲ್ಲವನ್ನೂ ಬೀದಿಗೆ ಕೇಳುವಂತೆ ಓದುವುದು ಪಾರದರ್ಶಕತೆಗಾಗಿ. ಒಂದೇ ಯಂತ್ರದಲ್ಲಿ ಗೋಪ್ಯತೆಯೂ ಪಾರದರ್ಶಕತೆಯೂ ಕೂಡಿಬಂದದ್ದು ಆ ಇಲಾಖೆಯಲ್ಲಿ ಅದೇ ಮೊದಲು. ಒಂದು ಮಧ್ಯಾಹ್ನ ಒಳಮೇಡಂ "ಇಸ್ಪೀಟಿನ ರಾಣಿ, ಆಟೀನಿನ ರಾಜನ ಮೇಲೆ" ಎಂದು ಘೋಷಿಸಿದಾಗ ಕುರ್ಚಿಯಲ್ಲಿದ್ದವರು ಸಾಹೇಬರೇ. ಅಂದಿನಿಂದ ಅವರು ಯಂತ್ರದ ಹತ್ತಿರ ಸುಳಿಯಲಿಲ್ಲ, ಕಚೇರಿಯ ಕೆಲಸ ಚುರುಕಾಯಿತು.

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಆದರೂ ಅವಳು ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆ ಕಚೇರಿಯಲ್ಲಿ ಪದವಿ ಓದಿದವಳು ಅವಳೊಬ್ಬಳೇ, ಆದ್ದರಿಂದ ಅವಳ ಹೆಸರು ಡಿಗ್ರಿ. ಓದಿದ್ದು ಸಸ್ಯಶಾಸ್ತ್ರ ಎಂಬುದು ಯಾರಿಗೂ ಮುಖ್ಯವಾಗಿರಲಿಲ್ಲ. ಓದು ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದಳು. ಆ ಎರಡು ವರ್ಷ ಬಂದವರೆಲ್ಲ "ಈಗ ಏನ್ ಮಾಡ್ಕೊಂಡಿದ್ದೀಯ?" ಎಂದು ಕೇಳುವರು, ಅವಳು ಒಳಗೆ ಹೋಗಿ ನೀರು ತಂದುಕೊಡುವಳು. ಊರಿನ ನೆಂಟರಿಷ್ಟರಿಗೆಲ್ಲ ಅವಳು ಕೊಟ್ಟ ನೀರಿನಲ್ಲಿ ಒಂದು ಕೆರೆ ತುಂಬುತ್ತಿತ್ತು. ಇನ್ನೊಂದು ತಿಂಗಳಿಗೆ ಆರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತಿತ್ತು. ಕೆಲಸ ಕಾಯಂ ಆದರೆ ಆ ಪ್ರಶ್ನೆ ಜನ್ಮಕ್ಕೆ ತಪ್ಪಿತು. ಆಗದಿದ್ದರೆ ಮತ್ತೆ ನೀರಿನ ಲೋಟ.

ಇಂಥ ಹೊತ್ತಿನಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಸಾಹೇಬರು ಅದನ್ನು ನಿಂತುಕೊಂಡೇ ಓದಿದರು: "ಕಂಪ್ಯೂಟರುಗಳ ಒಳಭಾಗಗಳನ್ನು ಹೊಸದಾಗಿ ಬದಲಿಸಲಾಗುವುದು. ಹಾಗೆ ಬದಲಿಸುವಾಗ ಈಗಿರುವ ಯಾವ ಸೆಟ್ಟಿಂಗೂ ಬದಲಾಗಕೂಡದು. ಬದಲಾಗಿಲ್ಲವೆಂದು ಉಸ್ತುವಾರಿಯವರು ಪ್ರಮಾಣಪತ್ರ ಕೊಡತಕ್ಕದ್ದು."

"ಉಸ್ತುವಾರಿ ಯಾರು ಸಾರ್?" ಎಂದರು ಕಡತದಕ್ಕ, ತಾವಲ್ಲ ಎಂಬುದು ಚೆನ್ನಾಗಿ ತಿಳಿಯುವ ದನಿಯಲ್ಲಿ.

"ಇನ್ಯಾರು? ಡಿಗ್ರಿ! ಬಾಮ್ಮ ಇಲ್ಲಿ. ಇನ್ಮೇಲೆ ಸೆಟ್ಟಿಂಗಿಗೆಲ್ಲ ನೀನೇ ಜವಾಬ್ದಾರಿ. ನಿನ್ನ ಕಾಯಂ ಕಾಗದಾನೂ ಇದೇ ವಾರ ಕಳಿಸ್ತಿದ್ದೀನಿ. 'ಕಂಪ್ಯೂಟರ್ ಜ್ಞಾನ' ಅಂತ ಒಂದು ಕಾಲಂ ಇದೆ. 'ಸಂಪೂರ್ಣ' ಅಂತ ಬರೆದಿದ್ದೀನಿ."

"ಸಾರ್, ಅದು ನಾನು..."

"ಏನು? ಗಟ್ಟಿಯಾಗಿ ಹೇಳಮ್ಮ. ಒಳಮೇಡಂ ನೋಡು, ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ."

"ಆಗ್ಲಿ ಸಾರ್."

ಕಡತದಕ್ಕ ಹೊಸ ರಿಜಿಸ್ಟರಿಗೆ ಗೆರೆ ಹೊಡೆದು 'ಈಗಿರುವ ಸೆಟ್ಟಿಂಗುಗಳು' ಎಂದು ಶಿರೋನಾಮೆ ಬರೆದರು. ಸೆಟ್ಟಿಂಗ್ ಎಂದರೆ ಏನೇನು ಎಂಬುದರ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಅನುಕ್ರಮ ಸಂಖ್ಯೆ ಒಂದು, ಬಣ್ಣ: ಕಪ್ಪು. ಎರಡು, ಒಳಮೇಡಂ: ಇದ್ದಾರೆ. ಮೂರು, ಪರದೆ: ತಲೆಕೆಳಗು, ಮರದ ಪೀಠ ಸಹಿತ. ಅಲ್ಲಿಂದ ಮುಂದೆ ಕುರ್ಚಿಯ ದಿಂಬು, ಕಿಟಕಿಯ ಅರ್ಧ ಮುಚ್ಚಿದ ಬಾಗಿಲು, ಮೌಸಿನ ಕೆಳಗಿನ ಹಳೇ ರಟ್ಟು, ಹೀಗೆ ಮೂವತ್ತೊಂದಕ್ಕೆ ಹೋಗಿ ನಿಂತಿತು. ಕೊನೆಗೆ ಡಿಗ್ರಿಯ ಸಹಿ.

ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಅಮ್ಮ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು, "ಇಡೀ ಆಫೀಸಿನ ಸೆಟ್ಟಿಂಗೆಲ್ಲ ಇವಳ ಕೈಲೇ ಅಂತೆ ಕಣ್ರೀ. ಹಳೇದು ತೆಗೆದು ಹೊಸದು ಹಾಕ್ತಾರಂತೆ, ಆದ್ರೆ ಒಂಚೂರೂ ಬದಲಾಗದ ಹಾಗೆ ಇವಳು ನೋಡ್ಕೋಬೇಕಂತೆ."

"ಹೌದಾ? ಹಾಗಾದ್ರೆ ನಮ್ಮನೆಯವರನ್ನೂ ಒಂದ್ಸಲ ಹೊಸದು ಮಾಡ್ಕೊಡಮ್ಮ" ಎಂದಳು ಪಕ್ಕದ ಮನೆಯಾಕೆ, ಆಗತಾನೇ ಗೇಟು ತೆಗೆದ ಇವಳ ಕಡೆ ತಿರುಗಿ. "ನಮ್ಮದ್ರಲ್ಲಿ ಸೆಟ್ಟಿಂಗು ಬದಲಾದ್ರೂ ಪರ್ವಾಗಿಲ್ಲ."

ಒಳಗೆ ಸೋದರಮಾವ ಬಂದು ಕೂತಿದ್ದರು. "ಗಿಡ ಓದಿ ಏನ್ ಮಾಡ್ತೀಯ, ಗಿಡ ಆಗ್ತೀಯಾ?" ಎಂದು ಎರಡು ವರ್ಷದ ಹಿಂದೆ ಕೇಳಿದ್ದ ಮಾವ ಇವರೇ. ಈಗ ಎರಡು ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ವಿನಯದಿಂದ ಕೂತಿದ್ದರು.

"ಹೊಸಾದು ತಗೊಂಡೆ ಕಣೆ. ಹಳೇದ್ರಲ್ಲಿ ಹೇಗಿತ್ತೋ ಹಾಗೇ ಬರಬೇಕು. ನೋಡು, ಈ ಮೂಲೇಲಿ ಒಂದು ಕೆಂಪು ಗೆರೆ ಇದೆಯಲ್ಲ, ಅದೂ ಬೇಕು."

ಆ ಕೆಂಪು ಗೆರೆ, ಮಾವ ಫೋನಿನ ಮೇಲೆ ಕೂತು ಪರದೆ ಒಡೆದುಕೊಂಡದ್ದು. ಅವಳು ಬಾಯಿ ತೆರೆದಳು, ಮಾವನ ಮುಖ ನೋಡಿದಳು, "ನೋಡ್ತೀನಿ ಮಾವ" ಎಂದಳು.

"ನನ್ನ ಸೊಸೆ ಅಂದ್ರೆ ಸೊಸೆ! ಅಂಗಡಿಯವನು ಆಗೋದೇ ಇಲ್ಲ ಅಂದ, ದಡ್ಡ ನನ್ಮಗ."

ಮಾವ ಹೋದಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನನಗೆ ಒಂದು..." ಎಂದಳು.

"ಹಸಿವಾ? ಕೈ ತೊಳ್ಕೋ."

ಅವಳು ಕೈ ತೊಳೆದುಕೊಂಡಳು.

ಮಂಗಳವಾರ ಬೆಳಗ್ಗೆ ಮೇಲಿನ ಕಚೇರಿಯ ಮೆಕ್ಯಾನಿಕ್ಕು ಎರಡು ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ಕೆಲಸಕ್ಕೆ ಸೇರಿ ಮೂರನೇ ವಾರ, ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಪೀಠದ ಮೇಲೆ ಬುಡಮೇಲಾಗಿ ಕೂತ ಡಬ್ಬವನ್ನು ನೋಡಿ ಅವನು ಪೆಟ್ಟಿಗೆಗಳನ್ನು ಕೆಳಗಿಟ್ಟ.

"ಇದು ಯಾಕೆ ಹೀಗೆ..."

"ಯಾಕೆ ಅಂದ್ರೆ?" ಎಂದರು ಸಾಹೇಬರು. "ನಿಮ್ಮಿಂದಲೇ ಬಂದದ್ದಲ್ವೇನ್ರಿ? ನಿಮಗೆ ಗೊತ್ತಿಲ್ವಾ?"

ಮೂರನೇ ವಾರದಲ್ಲಿ ಯಾರು ತಾನೇ ಗೊತ್ತಿಲ್ಲ ಎಂದಾರು? "ಛೇ ಛೇ, ಗೊತ್ತಿಲ್ದೇ ಏನ್ ಸಾರ್. ನಿಮ್ಮಲ್ಲಿ ಇಷ್ಟು ಬೇಗ ಬಂದಿದೆಯಲ್ಲ ಅಂತ ಕೇಳಿದೆ" ಎಂದು ಅವನು ತಿರುಪು ಬಿಚ್ಚತೊಡಗಿದ. "ಹಳೇ ಡಿಸ್ಕಿನ ಪಡಿಯಚ್ಚು ಹೊಸದಕ್ಕೆ ಇಳಿಸ್ತೀನಿ. ನಿಮ್ಮ ಸೆಟ್ಟಿಂಗಿನ ಒಂದು ಕೂದಲೂ ಕೊಂಕಲ್ಲ."

ಕೌಂಟರಿನ ಆಚೆ ತರಕಾರಿ ಅಂಗಡಿಯವನು ತನ್ನ ತಕ್ಕಡಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುದ್ರೆಗಾಗಿ ಕಾದು ಕೂತಿದ್ದ. ಎರಡು ಗಂಟೆ ಕಳೆಯಿತು. ಹಳೇ ಒಳಭಾಗಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ, ಹೊಸವು ಯಂತ್ರ ಸೇರಿದವು. ಮೆಕ್ಯಾನಿಕ್ಕು ಗುಂಡಿ ಒತ್ತಿದ. ಕಡತದಕ್ಕ ರಿಜಿಸ್ಟರ್ ತೆರೆದರು.

"ಒಂದು. ಬಣ್ಣ?"

"ಕಪ್ಪು" ಎಂದ ಅರ್ಧ ಕೇಜಿ.

"ಎರಡು. ಒಳಮೇಡಂ?"

"ಸ್ವಾಗತ" ಎಂದಳು ಒಳಮೇಡಂ. ತರಕಾರಿಯವನು ಚಪ್ಪಾಳೆ ತಟ್ಟಿದ.

"ಮೂರು. ಪರದೆ?"

ಯಂತ್ರ ಈಗ ಚಿತ್ರವನ್ನು ಎಲ್ಲ ಯಂತ್ರಗಳ ಹಾಗೆ ನೆಟ್ಟಗೆ ಕಳಿಸುತ್ತಿತ್ತು. ಡಬ್ಬ ಬುಡಮೇಲಾಗಿ ಕೂತಿದ್ದರಿಂದ ನೆಟ್ಟಗಿನ ಚಿತ್ರ ತಲೆಕೆಳಗಾಗಿ ಕಾಣುತ್ತಿತ್ತು. ಮೆಕ್ಯಾನಿಕ್ಕು ಬೆವರಿದ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಅವನು ಒತ್ತಿದ್ದನ್ನೆಲ್ಲ ಒಳಮೇಡಂ ಊರಿಗೆ ಸಾರಿದಳು.

"ಸಾರ್, ಪರದೆಗೆ ಚಿತ್ರ ಕಳಿಸೋ ಭಾಗ ಹೊಸದು. ಹಳೇದು ಏನು ನೆನಪಿಟ್ಟುಕೊಂಡಿತ್ತೋ ಅದು ಅದರ ಜೊತೆಗೇ ಹೋಯ್ತು. ಹೊಸದ್ರಲ್ಲಿ ತಿರುಗಿಸೋ ಆಯ್ಕೆನೇ ಕಾಣ್ತಿಲ್ಲ."

"ಹಳೇದನ್ನೇ ವಾಪಸ್ ಹಾಕ್ರಿ."

"ಬಿಚ್ಚುವಾಗ ಒಂದು ಹಲ್ಲು ಮುರೀತು ಸಾರ್."

"ಡಬ್ಬಾನ ನೆಟ್ಟಗೆ ಮಾಡಿಬಿಟ್ರೆ?" ಎಂದ ಅರ್ಧ ಕೇಜಿ.

ಸಾಹೇಬರು ಅವನ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ದುಃಖವಿತ್ತು. "ಇಪ್ಪತ್ತೊಂಬತ್ತು ವರ್ಷ ಸರ್ವಿಸ್ ಆಯ್ತು ನಿನಗೆ. ಅನುಕ್ರಮ ಸಂಖ್ಯೆ ಮೂರು ಏನು ಹೇಳುತ್ತೆ? ಪರದೆ ತಲೆಕೆಳಗು, ಪೀಠ ಸಹಿತ. ನೆಟ್ಟಗೆ ಮಾಡಿದ್ರೆ ಸೆಟ್ಟಿಂಗ್ ಬದಲಾದ ಹಾಗಲ್ವೇನಯ್ಯ?"

"ಆದ್ರೆ ಓದಕ್ಕಾಗುತ್ತಲ್ಲ ಸಾರ್."

"ಓದೋದು ಆಮೇಲಿನ ಮಾತು."

"ಸಾರ್, ನನ್ನ ತಕ್ಕಡಿ..." ಎಂದ ತರಕಾರಿಯವನು.

"ಸ್ವಲ್ಪ ತಡ್ಕೊಳ್ರೀ. ಇಲ್ಲಿ ಪರದೆ ನೆಟ್ಟಗಾಗಿಬಿಟ್ಟಿದೆ."

"ಅಯ್ಯೋ ಪಾಪ. ಯಾವಾಗಿಂದ?"

ಎಲ್ಲರ ಕಣ್ಣೂ ಒಂದೇ ಸಲಕ್ಕೆ ಡಿಗ್ರಿಯ ಕಡೆ ತಿರುಗಿದವು. ಉಸ್ತುವಾರಿ ಎಂದರೆ ಇದೇ. ಎಲ್ಲ ಸರಿಯಿದ್ದಾಗ ಆ ಹುದ್ದೆಯಲ್ಲಿ ಯಾರೂ ಇರುವುದಿಲ್ಲ, ಕೆಟ್ಟಾಗ ಒಬ್ಬರು ಇರುತ್ತಾರೆ. ತಲೆಕೆಳಗು ಮಾಡುವ ವಿದ್ಯೆ ಅವಳಿಗೆ ಗೊತ್ತಿದ್ದದ್ದು ಒಂದೇ ಬಗೆಯಲ್ಲಿ.

"ಒಂದು ಒದ್ದೆ ಬಟ್ಟೆ ಬೇಕು" ಎಂದಳು.

ಯಾಕೆಂದು ಯಾರೂ ಕೇಳಲಿಲ್ಲ. ಅರ್ಧ ಕೇಜಿ ಓಡಿದ. ಕಡತದಕ್ಕ "ಒದ್ದೆ ಬಟ್ಟೆ, ಒಂದು" ಎಂದು ಬರೆದುಕೊಂಡರು. "ಪೂರ್ತಿ ಒದ್ದೆಯೋ, ಹಿಂಡಿದ್ದೋ?" ಎಂದು ಮೆಕ್ಯಾನಿಕ್ಕು ತಗ್ಗಿದ ದನಿಯಲ್ಲಿ ಕೇಳಿ, "ಹಿಂಡಿದ್ದು" ಎಂದು ಅವಳು ಹೇಳಿದ್ದನ್ನು ತನ್ನ ಕಿರುಪುಸ್ತಕದಲ್ಲಿ ಗುರುತು ಹಾಕಿಕೊಂಡ. ಅವಳು ಎಡದಿಂದ ಬಲಕ್ಕೆ ಒರೆಸಿದಳು, ಬಲದಿಂದ ಎಡಕ್ಕೆ ಒರೆಸಿದಳು. ಮೊದಲ ದಿನದ ಕೈಬೀಸನ್ನು ನೆನಪಿಸಿಕೊಂಡು ಮೂಲೆಗಳಲ್ಲಿ ಒತ್ತಿ ಒರೆಸಿದಳು. ಒಳಮೇಡಂ ಅಕ್ಷರಮಾಲೆಯನ್ನೆಲ್ಲ ಹಿಂದುಮುಂದಾಗಿ ಉಸಿರು ತೆಗೆದುಕೊಳ್ಳದೆ ಹೇಳಿದಳು. ಪರದೆಯ ಮೇಲೆ ಲೆಕ್ಕದ ಯಂತ್ರ ಬಂತು, ಭೂತಗನ್ನಡಿ ಬಂತು, ಏನನ್ನೋ ಅಳಿಸಿಬಿಡಲೇ ಎಂದು ಯಂತ್ರ ಕೇಳಿತು. ಚಿತ್ರ ಮಾತ್ರ ತಿರುಗಲಿಲ್ಲ. ಕೀಲಿಮಣೆ ಫಳಫಳ ಹೊಳೆಯುತ್ತಿತ್ತು.

"ಇದು ಶುದ್ಧೀಕರಣದ ಹಂತ" ಎಂದು ಸಾಹೇಬರು ತರಕಾರಿಯವನಿಗೆ ವಿವರಿಸಿದರು. "ಪರಿಣಾಮ ನಿಧಾನಕ್ಕೆ ಬರುತ್ತೆ."

ಪರಿಣಾಮ ಬರುವುದಕ್ಕೆ ಮೊದಲು ದೊಡ್ಡ ಸಾಹೇಬರು ಬಂದರು. ಮೆಕ್ಯಾನಿಕ್ಕು ಹೆದರಿ ಫೋನು ಮಾಡಿದ್ದ. ಮೇಲಿನ ಕಚೇರಿಯ ಮುಖ್ಯಸ್ಥರೇ ಮಧ್ಯಾಹ್ನ ಮೂರಕ್ಕೆ ಕಾರಿನಿಂದ ಇಳಿದರು. ಅವರು ಒಳಗೆ ಕಾಲಿಟ್ಟಾಗ ಕಚೇರಿಯವರೆಲ್ಲ ಪರದೆ ಓದುವುದಕ್ಕಾಗಿ ಕುತ್ತಿಗೆಯನ್ನು ಎಡಕ್ಕೆ ವಾಲಿಸಿಕೊಂಡಿದ್ದರು. ಕಾಯುತ್ತ ಕಾಯುತ್ತ ತರಕಾರಿಯವನ ಕುತ್ತಿಗೆಯೂ ವಾಲಿತ್ತು. ದೊಡ್ಡ ಸಾಹೇಬರು ಒಂದು ಗಳಿಗೆ ನಿಂತು ನೋಡಿ, ಸಭ್ಯತೆಗಾಗಿ ತಾವೂ ಸ್ವಲ್ಪ ವಾಲಿಸಿದರು.

"ಏನ್ರೀ ಇದು, ಹೊಸ ಪದ್ಧತಿನಾ?"

"ತಮ್ಮದೇ ಸಾರ್" ಎಂದರು ಸಾಹೇಬರು. "ಮೇಲಿಂದ ಬಂದದ್ದು."

ಮೇಲೆ ಎಂದರೆ ತಾವೇ ಎಂದು ದೊಡ್ಡ ಸಾಹೇಬರಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ತಾವು ಕಳಿಸಿದ್ದು ತಮಗೇ ತಿಳಿಯದು ಎಂದು ಇಷ್ಟು ಜನರೆದುರು ಹೇಳುವುದಾದರೂ ಹೇಗೆ?

"ಹಾಂ, ಹಾಂ. ಕಳಿಸಿದ್ವಿ, ಕಳಿಸಿದ್ವಿ. ಹೇಗೆ ನಡೀತಿದೆ?"

ಸಾಹೇಬರು ಗೋಪ್ಯತೆಯನ್ನು ವಿವರಿಸಿದರು. ಕಡತದಕ್ಕ ವಿದ್ಯುತ್ ಉಳಿತಾಯವನ್ನು ವಿವರಿಸಿದರು. ಮೆಕ್ಯಾನಿಕ್ಕು ಕಣ್ಣಿಗೂ ಕತ್ತಿಗೂ ವ್ಯಾಯಾಮವಾಗುತ್ತದೆ ಎಂದು ತನ್ನದೊಂದನ್ನು ಸೇರಿಸಿದ. ಹೇಳುತ್ತ ಹೇಳುತ್ತ ಮೂವರಿಗೂ ನಂಬಿಕೆ ಬಲವಾಯಿತು, ಕೇಳುತ್ತ ಕೇಳುತ್ತ ದೊಡ್ಡ ಸಾಹೇಬರಿಗೆ ಇದು ತಮ್ಮದೇ ಯೋಚನೆ ಎಂಬುದು ನೆನಪಾಗುತ್ತ ಬಂತು.

"ಭೇಷ್. ಒಂದೇ ಕಚೇರಿಯಲ್ಲಿ ಇದ್ರೆ ಸಾಲದು. ನಮ್ಮ ನಲವತ್ತೆರಡು ಕಚೇರಿಯಲ್ಲೂ ಆಗಬೇಕು. ಪೀಠ ಮಾಡಿದ ಬಡಗಿ ಯಾರು? ಬರಹೇಳಿ. ಇದನ್ನು ನೋಡಿಕೊಳ್ತಿರೋದು ಯಾರು?"

ಅರ್ಧ ಕೇಜಿ ಡಿಗ್ರಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಅವಳ ಕೈಯಲ್ಲಿ ಇನ್ನೂ ಬಟ್ಟೆ ಇತ್ತು.

"ಈ ಹುಡುಗಿನಾ? ಕಾಯಂ ಆಗಿದೆಯಾ ಇವಳಿಗೆ?"

"ಕಾಗದ ಇಲ್ಲೇ ಇದೆ ಸಾರ್, ತಮ್ಮ ಸಹಿಯೊಂದು ಬಾಕಿ" ಎಂದು ಸಾಹೇಬರು ಮೇಜಿನ ಮೇಲೆ ಹರಡಿದರು. ಹೆಮ್ಮೆಯಿಂದ ಅವರ ದನಿ ಒಡೆಯಿತು. "ಕಂಪ್ಯೂಟರ್ ಜ್ಞಾನ, ಸಂಪೂರ್ಣ."

ದೊಡ್ಡ ಸಾಹೇಬರು ಪೆನ್ನಿನ ಟೋಪಿ ತೆಗೆದರು. "ನೋಡಮ್ಮ, ನಾಳೆಯಿಂದ ನೀನು ನಲವತ್ತೆರಡು ಕಚೇರಿಗೂ ಹೋಗಿ ಎಲ್ಲ ಪರದೆನೂ ಹೀಗೇ ಮಾಡಿಕೊಡ್ಬೇಕು. ಆದೇಶ ಈಗಲೇ ಬರೆಸ್ತೀನಿ. ಆದೇಶ ಅಂದಮೇಲೆ 'ಕಾರಣ' ಅಂತ ಒಂದು ಸಾಲು ಇರ್ಬೇಕಲ್ಲ. ಇವರೆಲ್ಲ ಮೂರು ಥರ ಹೇಳಿದ್ರು. ಸರಿಯಾದ್ದು ನೀನು ಹೇಳು. ಇದನ್ನು ಯಾಕೆ ತಲೆಕೆಳಗೆ ಮಾಡಿರೋದು?"

ಪೆನ್ನಿನ ತುದಿ ಸಹಿಯ ಜಾಗದ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಗೋಪ್ಯತೆ ಎಂದರೆ ಸಾಕಿತ್ತು. ಉಳಿತಾಯ ಎಂದರೂ ಸಾಕಿತ್ತು. ಸಾಹೇಬರು ಅವಳಿಗೆ ಕಾಣುವಂತೆ ತುಟಿಯಲ್ಲೇ "ಗೋಪ್ಯತೆ, ಗೋಪ್ಯತೆ" ಎನ್ನುತ್ತಿದ್ದರು. ಕಡತದಕ್ಕ ಆದೇಶದ ಹಾಳೆಯನ್ನೂ ಸಿದ್ಧ ಮಾಡಿಕೊಂಡಿದ್ದರು. ಅವಳಿಗೆ ನಲವತ್ತೆರಡು ಕಚೇರಿಗಳು ಕಂಡವು, ನಲವತ್ತೆರಡು ಮರದ ಪೀಠಗಳು ಕಂಡವು, ಒಂದೊಂದರ ಮುಂದೆಯೂ ಕುತ್ತಿಗೆ ವಾಲಿಸಿಕೊಂಡು ಕೂತ ಜನ ಕಂಡರು, ಅವರೆಲ್ಲರೆದುರು ಒದ್ದೆ ಬಟ್ಟೆ ಹಿಡಿದು ನಿಂತ ತಾನು ಕಂಡಳು. ಮನೆಯ ಜಗಲಿಯಲ್ಲಿ ಕೂತು ನೀರು ಕೇಳುವ ನೆಂಟರೂ ಕಂಡರು.

ಅವಳು ಏನೋ ಹೇಳಿದಳು. ಅದೇ ಹೊತ್ತಿಗೆ ಒಳಮೇಡಂ ಯಾವುದೋ ಕಡತದ ಹೆಸರು ಓದಿದ್ದರಿಂದ ಯಾರಿಗೂ ಕೇಳಿಸಲಿಲ್ಲ.

"ಏನಂದೆ? ಗಟ್ಟಿಯಾಗಿ ಹೇಳಮ್ಮ" ಎಂದರು ದೊಡ್ಡ ಸಾಹೇಬರು.

ಅವಳು ಕೈ ಚಾಚಿ, ಪೀಠದ ಪಕ್ಕದಲ್ಲಿದ್ದ ಸ್ಪೀಕರಿನ ತಂತಿಯನ್ನು ಎಳೆದಳು. ಐದು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ತರಕಾರಿಯವನು ಕೂಡ ಕುತ್ತಿಗೆ ನೆಟ್ಟಗೆ ಮಾಡಿದ.

"ಮೇಲಿಂದ ಏನೂ ಬಂದಿಲ್ಲ ಸಾರ್" ಎಂದಳು. ಅವಳ ದನಿ ಬೀದಿಯವರೆಗೂ ಹೋಯಿತು. "ನಾನು ಧೂಳು ಒರೆಸ್ತಿದ್ದೆ, ಹೀಗಾಗಿಹೋಯ್ತು. ಯಾಕೆ ಆಯ್ತು, ಹೇಗೆ ಆಯ್ತು, ನನಗೆ ಗೊತ್ತಿಲ್ಲ."